ದಂಟಿನ ಬುಡ ಮೊದಲು ಒಳಹೋಗಬೇಕು

ಮುಸುಕಿನ ಜೋಳ ಕೊಯ್ಯುವ ಯಂತ್ರ ಎಂದಾಕ್ಷಣ ಕಣ್ಣ ಮುಂದೆ ಬರುವುದು ತೆನೆ ಕಿತ್ತು ಕಾಳು ಬಿಡಿಸುವ ಕಂಬೈನ್. ಮೇವಿನ ಯಂತ್ರದ ದಾರಿಯೇ ಬೇರೆ. ಅದು ತೆನೆ, ಗರಿ, ದಂಟು ಎಲ್ಲವನ್ನೂ ಹಸಿಯಾಗಿಯೇ ಕೊಯ್ದು ಚೂರು ಮಾಡಿ ಟ್ರೈಲರಿಗೆ ಊದುತ್ತದೆ. ಆ ಚೂರನ್ನು ಗುಂಡಿಗೆ ತುಂಬಿ, ಗಾಳಿಯಾಡದಂತೆ ತುಳಿದು ಮುಚ್ಚಿದರೆ ರಸಮೇವು ಸಿದ್ಧವಾಗುತ್ತದೆ.

ಜರ್ಮನಿಯ ಕ್ಲಾಸ್, ಕ್ರೋನೆ ಕಂಪನಿಗಳ ದೊಡ್ಡ ಯಂತ್ರಗಳು ತಮ್ಮದೇ ಎಂಜಿನ್ನಿನಲ್ಲಿ ಓಡುತ್ತವೆ. ಅವುಗಳ ಮುಂದೆ ಜೋಡಿಸುವ ಕೊಯ್ಲಿನ ಭಾಗವೇ ಹೆಡರ್. ಒಂದು ಬಗೆಯ ಹೆಡರಿನಲ್ಲಿ ಅಕ್ಕಪಕ್ಕ ನಿಲ್ಲಿಸಿದ ದೊಡ್ಡ ಡ್ರಮ್‌ಗಳಿರುತ್ತವೆ. ಡ್ರಮ್ಮಿನ ತಳದಲ್ಲಿ ಗರಗಸದಂಥ ಹಲ್ಲಿನ ತಟ್ಟೆ ಜೋರಾಗಿ ತಿರುಗಿ ಬುಡ ಕತ್ತರಿಸುತ್ತದೆ. ಮೇಲಿನ ಹಲ್ಲುಚಕ್ರಗಳು ನಿಧಾನವಾಗಿ ತಿರುಗುತ್ತಾ, ಕಡಿದ ದಂಟು ಬೀಳದಂತೆ ನೆಟ್ಟಗೆ ಹಿಡಿದು ನಡುವಿಗೆ ತರುತ್ತವೆ. ಅಲ್ಲಿಂದ ದಂಟು ಬುಡ ಮುಂದಾಗಿ ರೋಲರ್‌ಗಳಿಗೆ, ರೋಲರ್‌ಗಳಿಂದ ಬ್ಲೇಡಿನ ಉರುಳೆಗೆ ಹೋಗುತ್ತದೆ.

ಈ ನೆಟ್ಟಗಿನ ಹಿಡಿತದಲ್ಲೇ ಹೆಡರಿನ ಜಾಣತನವೆಲ್ಲ ಇದೆ. ದಂಟು ಅಡ್ಡಲಾಗಿ ನುಗ್ಗಿದರೆ ಒಂದೆರಡು ಸೆಂಟಿಮೀಟರಿನ ಚೂರಿನ ಬದಲು ಗೇಣುದ್ದದ ಸೀಳು ಬರುತ್ತದೆ. ಸೀಳಿನ ನಡುವೆ ಗಾಳಿ ಉಳಿಯುತ್ತದೆ, ಗಾಳಿ ಉಳಿದಲ್ಲಿ ಬೂಷ್ಟು ಹಿಡಿಯುತ್ತದೆ. ದೊಡ್ಡ ಯಂತ್ರಗಳಲ್ಲಿ ಬ್ಲೇಡಿನ ಹಿಂದೆ ಕಾಳು ಜಜ್ಜುವ ಜೋಡಿ ರೋಲರ್ ಕೂಡ ಇರುತ್ತದೆ. ಜಜ್ಜದ ಗಟ್ಟಿ ಕಾಳು ಹಸುವಿನ ಹೊಟ್ಟೆಯಲ್ಲಿ ಕರಗದೆ ಸಗಣಿಯಲ್ಲಿ ಹಾಗೇ ಸಿಗುತ್ತದೆ.

ಇದೆಲ್ಲ ನಮ್ಮ ಆಲೂರು, ಸಕಲೇಶಪುರದ ಗುಡ್ಡಕ್ಕೆ ಒಪ್ಪುತ್ತದೆಯೇ? ಲೆಕ್ಕ ಹಾಕೋಣ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಇದ್ದರೆ ಒಂದು ಎಕರೆಯ ಸಾಲುಗಳ ಒಟ್ಟು ಉದ್ದ ಸುಮಾರು 6.7 ಕಿಲೋಮೀಟರ್. ಆರು ಮೀಟರ್ ಅಗಲದ ಹೆಡರ್ ಒಮ್ಮೆಗೆ ಹತ್ತು ಸಾಲು ಕೊಯ್ಯುವುದರಿಂದ 670 ಮೀಟರ್ ಓಡಿದರೆ ಎಕರೆ ಮುಗಿಯಿತು. ಆದರೆ ಹತ್ತು ಟನ್ ಮೀರುವ ಆ ದೈತ್ಯ ಇಲ್ಲಿನ ಪಾಳ್ಯ, ಕುಂದೂರು ಕಡೆಯ ತುಂಡು ಹೊಲಕ್ಕೆ ಇಳಿಯುವುದಾದರೂ ಹೇಗೆ? ಜೂನ್‌ನಲ್ಲಿ ಬಿತ್ತಿದ ಜೋಳ ಮೇವಿನ ಹದಕ್ಕೆ ಬರುವ ಸೆಪ್ಟೆಂಬರಿನಲ್ಲಿ ನೆಲವೂ ಹಸಿ. ಕಾಫಿ ತೋಟಗಳ ನಡುವಿನ ದಾರಿಯಲ್ಲಿ ಅದು ತಿರುಗಲಾರದು. (ಆನೆಗಳಿಗೆ ಮಾತ್ರ ದಾರಿಯ ಚಿಂತೆಯಿಲ್ಲ. ಹದವನ್ನೂ ಅವು ನಮಗಿಂತ ಮೊದಲೇ ಪತ್ತೆ ಹಚ್ಚುತ್ತವೆ.)

ನನ್ನ ಮತ ಟ್ರ್ಯಾಕ್ಟರಿನ ಪಕ್ಕಕ್ಕೆ ಜೋಡಿಸುವ ಒಂಟಿ ಸಾಲಿನ ಯಂತ್ರಕ್ಕೆ. ಟ್ರ್ಯಾಕ್ಟರ್ ಎಂಜಿನ್ನಿನ ಶಕ್ತಿಯನ್ನು ಹೊರಗೆ ಕೊಡುವ ಪಿಟಿಒ ದಂಡದಿಂದ ತಿರುಗುವ ಈ ಯಂತ್ರದ ಕೆಲಸವೂ ಅದೇ: ಹಿಡಿ, ಕಡಿ, ಬುಡ ಮುಂದಾಗಿ ಒಳಗೆ ಕೊಡು. ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಎಕರೆಗೆ ಎರಡೂಕಾಲು ಗಂಟೆ, ತಿರುವಿನ ಹೊತ್ತು ಬೇರೆ. ಟ್ರ್ಯಾಕ್ಟರ್ ಇಳಿಯಲು ಒಂದು ಪಟ್ಟಿಯನ್ನೂ ಹೊಲದ ಎರಡು ತುದಿಗಳನ್ನೂ ಮೊದಲು ಕುಡುಗೋಲಿನಲ್ಲಿ ಕೊಯ್ದುಕೊಳ್ಳಬೇಕು. ಇಳಿಜಾರಿಗೆ ಅಡ್ಡವಾಗಿ ಓಡಿಸುವುದಾದರೆ ಯಂತ್ರದ ಭಾರ ಏರಿನ ಕಡೆಗಿರಲಿ. ತೀರಾ ಕಡಿದಾದ ಕಡೆ ಟ್ರ್ಯಾಕ್ಟರೇ ಬೇಡ. ಕೈಯಲ್ಲಿ ಕೊಯ್ದು ಮನೆಯ ಬಳಿ ಚಾಫ್ ಕಟರಿಗೆ ಕೊಟ್ಟರಾಯಿತು, ಅಲ್ಲೂ ಬುಡ ಮುಂದಾಗಿಯೇ.

ನೆಲದಿಂದ 15ರಿಂದ 20 ಸೆಂಟಿಮೀಟರ್ ಬಿಟ್ಟು ಕೊಯ್ಯಿರಿ. ಇನ್ನೂ ಕೆಳಗಿಳಿದರೆ ಕೆಸರು ಬೆರೆತು ರಸಮೇವು ನಾರುತ್ತದೆ. ಕಾಳು ಹಾಲು ಕಳೆದು ಹಿಟ್ಟಾಗುವ ಹೊತ್ತು ಸರಿಯಾದ ಹದ. ಚೂರನ್ನು ಮುಷ್ಟಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಕೆಲವು ದಿನ ಕಾಯಿರಿ.

ಯಂತ್ರವನ್ನು ಬಾಡಿಗೆಗೆ ಕರೆಸಿದವರು ಮೊದಲ ಸಾಲು ಮುಗಿದೊಡನೆ ನಿಲ್ಲಿಸಿ, ಟ್ರೈಲರಿನಿಂದ ಒಂದು ಬೊಗಸೆ ತೆಗೆದು ನೋಡಿ. ಉದ್ದನೆಯ ಸೀಳು ಕಂಡರೆ ದಂಟು ಅಡ್ಡಲಾಗಿ ನುಗ್ಗುತ್ತಿದೆಯೇ ನೋಡಿ, ಬ್ಲೇಡನ್ನೂ ಮಸೆಸಿದ ಮೇಲೆಯೇ ಎರಡನೇ ಸಾಲಿಗೆ ಬಿಡಿ.