ಕೆಟ್ಟ ಬಾವಿಗೆ ಕಟ್ಟಿದ ಬೆಲೆ: ತಿಂಗಳಿಗೆ ನೂರು ರೂಪಾಯಿ!

ಒಂದು ಜೊತೆ ಬೂಟು ಕೊಂಡರೆ ತೊಗಲಿನ ದುಡ್ಡು, ಹೊಲಿಗೆ ಕೂಲಿ, ಲಾರಿ ಬಾಡಿಗೆ, ಅಂಗಡಿಯವರ ಲಾಭ, ಎಲ್ಲಾ ಬಿಲ್ಲಿನಲ್ಲಿ ಸೇರಿರುತ್ತದೆ. ತೊಗಲು ತೊಳೆದ ನೀರು ಯಾರದೋ ಬಾವಿಗೆ ಇಳಿದಿದ್ದರೆ ಆ ಬಾವಿಯ ಬೆಲೆ ಮಾತ್ರ ಸೇರಿರುವುದಿಲ್ಲ. ಅದಕ್ಕೂ ಲೆಕ್ಕ ಉಂಟೇ ಅಂತ ಕೇಳಬಹುದು. ಉಂಟು. ಪಕ್ಕದ ವೇಲೂರಿನಲ್ಲಿ ಆ ಲೆಕ್ಕ ಹಾಕಿಯೂ ಆಗಿದೆ.

ಪಾಲಾರ್ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ. ಬೇತಮಂಗಲ ದಾಟಿ, ಆಂಧ್ರದ ಅಂಚು ಹಾದು ತಮಿಳುನಾಡಿಗೆ ಇಳಿಯುತ್ತದೆ. ಅಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಕಡೆ ತೊಗಲು ಹದ ಮಾಡುವ ಟ್ಯಾನರಿಗಳು ನೂರಾರು. ಹಸಿ ತೊಗಲು ಕೊಳೆಯದಿರಲಿ ಅಂತ ಉಪ್ಪು ಸವರಿ ತರುತ್ತಾರೆ. ಮೊದಲ ತೊಳೆತಕ್ಕೇ ಆ ಉಪ್ಪೆಲ್ಲ ನೀರುಪಾಲು. ಆಮೇಲೆ ಸುಣ್ಣ, ಸಲ್ಫೈಡ್, ಕ್ರೋಮಿಯಂ. ಕ್ರೋಮಿಯಮ್ಮನ್ನು ಶುದ್ಧೀಕರಣ ಘಟಕದಲ್ಲಿ ಬಹುಪಾಲು ತೆಗೆಯಬಹುದು. ಕರಗಿದ ಉಪ್ಪು ಅಷ್ಟು ಸುಲಭಕ್ಕೆ ಬರೋದಿಲ್ಲ. ಅದು ಬಾವಿಗೆ ಇಳಿಯಿತು. ರೈತ ಪಂಪ್‌ಸೆಟ್ ಹಾಕಿ ತನ್ನ ಕೈಯಾರೆ ತನ್ನ ಹೊಲಕ್ಕೆ ಉಪ್ಪು ಹಾಯಿಸಿಕೊಂಡ!

ವೇಲೂರಿನ ನಾಗರಿಕರ ವೇದಿಕೆ 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಟ್ಯಾನರಿ ಸೀಮೆಯಲ್ಲಿ ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಪೂರ್ತಿಯೋ ಅರೆಬರೆಯೋ ಕೆಟ್ಟಿದೆ ಎಂಬ ಸಮೀಕ್ಷೆ ಕೋರ್ಟಿನ ಮುಂದೆ ಬಂತು. ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ 467 ಬಾವಿಗಳ ಪೈಕಿ 350 ಕೆಟ್ಟಿದ್ದವು. ದೇಶದ ತೊಗಲು ರಫ್ತಿನಲ್ಲಿ ನೂರಕ್ಕೆ ಎಂಬತ್ತು ಭಾಗ ಆಗ ತಮಿಳುನಾಡಿನದೇ. ಡಾಲರ್ ತರುವ ಕಸುಬು, ಸಾವಿರಾರು ಜನರ ಅನ್ನ. ಕೋರ್ಟೂ ಇದನ್ನು ಅಲ್ಲಗಳೆಯಲಿಲ್ಲ. ಆದರೆ ಕೆಡಿಸಿದವರೇ ತೆರಬೇಕು ಅಂತ 1996ರ ಆಗಸ್ಟ್ 28ರಂದು ತೀರ್ಪು ಕೊಟ್ಟಿತು. ಟ್ಯಾನರಿಗೆ ತಲಾ 10,000 ರೂ. ದಂಡ. ನಷ್ಟ ಎಣಿಸಲು ಒಂದು ಪ್ರಾಧಿಕಾರ.

ಪ್ರಾಧಿಕಾರ 2001ರಲ್ಲಿ ಲೆಕ್ಕ ಮುಗಿಸಿತು. ವೇಲೂರು ಸೀಮೆಯ 29,193 ಮಂದಿಗೆ ಸುಮಾರು 26.82 ಕೋಟಿ ರೂಪಾಯಿ. ಕೋಟಿ ಅಂದ ಕೂಡಲೇ ಕಣ್ಣು ಅರಳುತ್ತದೆ. ಅಂಗಡಿಯವರು ಹಾಗೇ ಕ್ಯಾಲ್ಕುಲೇಟರ್ ಒತ್ತಿ ನೋಡಲಿ: ಸರಾಸರಿ ತಲೆಗೆ 9,187 ರೂ. ಅದೂ ಒಂದು ವರ್ಷದ್ದಲ್ಲ, 1991ರ ಆಗಸ್ಟ್‌ನಿಂದ 1998ರ ಕೊನೆಯವರೆಗಿನ ನಷ್ಟಕ್ಕೆ. ಅಂದರೆ ತಿಂಗಳಿಗೆ ನೂರರ ಆಸುಪಾಸು, ದಿನಕ್ಕೆ ಮೂರೂವರೆ ರೂಪಾಯಿಗೂ ಕಡಿಮೆ. ಟ್ಯಾನರಿಯ ಒಂದು ಸಲದ ದಂಡ, ರೈತನ ಏಳು ವರ್ಷದ ಬೆಳೆಗಿಂತ ತುಸು ಹೆಚ್ಚೇ ಆಯಿತು!

ತೆಂಗು ಫಲ ಕೊಡಲು ಎಷ್ಟು ವರ್ಷ ಬೇಕು, ಕುಡಿಯುವ ನೀರು ಹೊರುವ ಹೆಂಗಸರ ಕೂಲಿ ಎಷ್ಟು, ಉಪ್ಪು ಹಿಡಿದ ಹೊಲವನ್ನು ಮಾರಲು ಹೋದರೆ ಗಿರಾಕಿ ಏನು ಕೇಳುತ್ತಾನೆ, ಇವನ್ನೂ ಕೂಡಿಸಿದರೆ ಮೊತ್ತ ಎಲ್ಲಿಗೆ ಮುಟ್ಟುತ್ತಿತ್ತೋ.

ಆ ಸಣ್ಣ ದುಡ್ಡೂ ಎಲ್ಲರ ಕೈ ಸೇರಲಿಲ್ಲ. ಕೇಸು ಮತ್ತೆ ದಿಲ್ಲಿಗೆ ಹೋಯಿತು. 2025ರ ಜನವರಿ 30ರಂದು ಸುಪ್ರೀಂ ಕೋರ್ಟ್, ಸಿಗದೇ ಇದ್ದವರಿಗೆ ಸರ್ಕಾರವೇ ಆರು ವಾರದಲ್ಲಿ ಕೊಟ್ಟು, ಆಮೇಲೆ ಕೆಡಿಸಿದವರಿಂದ ವಸೂಲು ಮಾಡಿಕೊಳ್ಳಲಿ ಅಂತ ಹೇಳಿತು. ಇನ್ನೊಂದು ಮಾತೂ ಹೇಳಿತು: ನೆಲ, ನೀರು ಮೊದಲಿನ ಸ್ಥಿತಿಗೆ ಬರುವ ತನಕ ಪರಿಹಾರದ ಹೊಣೆ ಮುಗಿಯುವುದಿಲ್ಲ. ಹಳೆಯ ಲೆಕ್ಕ ನಿಂತಿದ್ದು 1998ಕ್ಕೆ. ಅಲ್ಲಿಂದೀಚಿನ ಪುಟಗಳನ್ನು ಯಾವ ದರದಲ್ಲಿ ತುಂಬುತ್ತಾರೆ ಎನ್ನುವುದೇ ಈಗ ಪಾಲಾರ್ ದಡದ ಪ್ರಶ್ನೆ.