ಚರ್ಚಿನ ನೆಲಮಾಳಿಗೆಯ ಊಟ

ಅಮೆರಿಕದ ಸಣ್ಣ ಊರುಗಳಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗಿ ನಾಲ್ಕಾರು ತಿಂಗಳು ಇದ್ದು ಬಂದವರು ನಮ್ಮಲ್ಲಿ ಈಗ ಕಡಮೆಯಿಲ್ಲ. ಅಂಥವರು ಸಂಜೆ ತಿರುಗಾಡಲು ಹೊರಟಾಗ ಪುಟ್ಟದೊಂದು ಚರ್ಚಿನ ಮುಂದೆ ಹಲಗೆಯೊಂದನ್ನು ನೋಡಿರಬಹುದು: ‘ಶನಿವಾರ ಸಂಜೆ 5 ಗಂಟೆಗೆ ಊಟ. ಎಲ್ಲರಿಗೂ ಸ್ವಾಗತ.’ ಓದಿ, ಇದು ಅವರವರ ಮತದ ವ್ಯವಹಾರ, ನಮಗಲ್ಲ ಎಂದುಕೊಂಡು ಮುಂದೆ ನಡೆದಿರಬಹುದು. ಹಾಗೆ ನಡೆದುಬಿಡಬೇಕಾಗಿರಲಿಲ್ಲ. ‘ಎಲ್ಲರಿಗೂ’ ಎಂದು ಬರೆದದ್ದು ನಿಜವಾಗಿಯೂ ಎಲ್ಲರಿಗೂ. ಆದರೆ ಆ ಚರ್ಚು ಪ್ರೆಸ್ಬಿಟೇರಿಯನ್ ಪಂಥದ್ದಾಗಿದ್ದರೆ, ಆ ಒಂದು ಮಾತು ಅದರ ಹಲಗೆಯ ಮೇಲೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಆ ಕಥೆಯನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಹೆಸರಿನ ಮಾತು. ‘ಪ್ರೆಸ್ಬಿಟರ್’ ಎಂಬುದು ಗ್ರೀಕ್ ಮೂಲದ ಶಬ್ದ. ಹಿರಿಯ ಎಂದು ಅರ್ಥ. ಈ ಪಂಥದವರಿಗೆ ಬಿಷಪ್ಪರಿಲ್ಲ. ಸಭೆಯ ಜನರೇ ತಮ್ಮೊಳಗಿನ ಕೆಲವರನ್ನು ಹಿರಿಯರೆಂದು ಆರಿಸುತ್ತಾರೆ. ಪಾದ್ರಿಯೂ ಆ ಹಿರಿಯರೂ ಕೂಡಿ ಸಭೆಯ ಆಡಳಿತವನ್ನು ನಡೆಸುತ್ತಾರೆ. ಒಂದು ಬಗೆಯ ಪಂಚಾಯಿತಿ ಎನ್ನಿ. 1560ರಲ್ಲಿ ಸ್ಕಾಟ್ಲೆಂಡ್ ದೇಶವು ರೋಮಿನ ಅಧಿಕಾರವನ್ನು ತೊರೆದಾಗ ಜಾನ್ ನಾಕ್ಸ್ ಮೊದಲಾದವರು ಹಾಕಿದ ತಳಹದಿಯ ಮೇಲೆ ಈ ಪದ್ಧತಿ ಬೆಳೆಯಿತು.

ನಾಕ್ಸ್ ಮತ್ತು ಅವನ ಸಂಗಡಿಗರು ಬಲು ಬಿಗಿಯಾದ ಜನ. ಬೈಬಲಿನಲ್ಲಿ ವಿಧಿಸಿಲ್ಲದ ಹಬ್ಬ ನಮಗೇಕೆ ಎಂದು ಪಂಚಾಂಗದ ಹಬ್ಬಗಳನ್ನೆಲ್ಲ ಕಿತ್ತುಹಾಕಿದರು. ಕ್ರಿಸ್‌ಮಸ್ ಕೂಡ ಉಳಿಯಲಿಲ್ಲ. ಸ್ಕಾಟ್ಲೆಂಡಿನಲ್ಲಿ ಡಿಸೆಂಬರ್ 25 ಸಾರ್ವಜನಿಕ ರಜೆಯಾದದ್ದು 1958ರಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. ಆದರೆ ಹಬ್ಬವಿಲ್ಲದೆ ಜನ ಬದುಕಿಯಾರೆ? ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ್ದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು. ಅದು ಬಂದದ್ದು ಕರ್ತನ ಭೋಜನದ ರೂಪದಲ್ಲಿ.

ಕರ್ತನ ಭೋಜನವೆಂದರೆ ಯೇಸುವಿನ ಕಡೆಯ ಊಟದ ಸ್ಮರಣೆಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಸಂಸ್ಕಾರ. ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಇದು ವಾರವಾರವೂ ನಡೆಯುತ್ತಿರಲಿಲ್ಲ. ವರ್ಷಕ್ಕೆ ಒಂದು ಬಾರಿ, ಹೆಚ್ಚೆಂದರೆ ಎರಡು ಬಾರಿ. ನಡೆದಾಗ ಮಾತ್ರ ನಾಲ್ಕೈದು ದಿನ ನಡೆಯುತ್ತಿತ್ತು. ಗುರುವಾರ ಉಪವಾಸ, ಶನಿವಾರ ಸಿದ್ಧತೆಯ ಉಪದೇಶ, ಭಾನುವಾರ ಭೋಜನ, ಸೋಮವಾರ ಕೃತಜ್ಞತೆಯ ಆರಾಧನೆ. ಸುತ್ತಣ ಊರುಗಳ ಜನ ನಡೆದು ಬರುತ್ತಿದ್ದರು. ನೆಂಟರ ಮನೆಯಲ್ಲಿ, ಹುಲ್ಲಿನ ಕೊಟ್ಟಿಗೆಯಲ್ಲಿ, ಎಲ್ಲೆಂದರಲ್ಲಿ ತಂಗುತ್ತಿದ್ದರು. ಚರ್ಚಿನಲ್ಲಿ ಹಿಡಿಸಲಾರದಷ್ಟು ಮಂದಿ ಸೇರಿದರೆ ಬಯಲಿನಲ್ಲೇ ಮರದ ಪೀಠ ಹಾಕಿ ಒಬ್ಬರಾದ ಮೇಲೊಬ್ಬರು ಪಾದ್ರಿಗಳು ಉಪದೇಶಿಸುತ್ತಿದ್ದರು. ಜನ ಸೇರಿದ ಮೇಲೆ ಅಂಗಡಿ ಬಾರದಿರುತ್ತದೆಯೆ? ತಿಂಡಿಯವರು ಬಂದರು, ಹೆಂಡದವರೂ ಬಂದರು. ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಳ್ಳುವುದಕ್ಕೂ ಅದೇ ಸಮಯವಾಯಿತು. ಕವಿ ರಾಬರ್ಟ್ ಬರ್ನ್ಸ್ ತನ್ನ ನೆರೆಯ ಮಾಖ್ಲಿನ್ ಎಂಬ ಊರಿನ ಇಂಥದೊಂದು ಸಂದರ್ಭವನ್ನು ಕುರಿತು 1785ರಲ್ಲಿ ಬರೆದ ವಿಡಂಬನ ಕವನಕ್ಕೆ ‘ಪವಿತ್ರ ಜಾತ್ರೆ’ ಎಂದೇ ಹೆಸರು. ಜಾತ್ರೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಜನ ಸೇರಿದರೂ ಭೋಜನದ ಮೇಜು ಮಾತ್ರ ಎಲ್ಲರಿಗೂ ತೆರೆದಿರಲಿಲ್ಲ. ಮೊದಲೇ ಊರಿನ ಹಿರಿಯರೂ ಪಾದ್ರಿಯೂ ಮನೆಮನೆಯವರನ್ನು ವಿಚಾರಿಸುತ್ತಿದ್ದರು. ಧರ್ಮದ ಪ್ರಶ್ನೋತ್ತರ ಬಾಯಿಗೆ ಬರುತ್ತದೆಯೆ? ಕುಡಿತವುಂಟೆ? ನೆರೆಯವನ ಸಂಗಡ ಜಗಳವುಂಟೆ? ಉಂಟಾದರೆ ಮೊದಲು ರಾಜಿಯಾಗಿ ಬಾ ಎನ್ನುತ್ತಿದ್ದರು. ತೃಪ್ತಿಯಾದರೆ ಸೀಸದ ಒಂದು ಚಿಕ್ಕ ಬಿಲ್ಲೆಯನ್ನು ಕೊಡುತ್ತಿದ್ದರು. ನಮ್ಮ ಹಳೆಯ ನಾಲ್ಕಾಣೆಯಷ್ಟಗಲದ್ದು. ಮೇಲೆ ಊರಿನ ಹೆಸರಿನ ಮೊದಲಕ್ಷರ, ಕೆಲವದರಲ್ಲಿ ಇಸವಿ. ಭಾನುವಾರ ಬಿಳಿಯ ಬಟ್ಟೆ ಹಾಸಿದ ಉದ್ದನೆಯ ಮೇಜಿಗೆ ಪಂಕ್ತಿ ಪಂಕ್ತಿಯಾಗಿ ಬಂದು ಕುಳಿತುಕೊಳ್ಳುವ ಮೊದಲು ಆ ಬಿಲ್ಲೆಯನ್ನು ಹಿರಿಯರ ಕೈಗೆ ಒಪ್ಪಿಸಬೇಕು. ಅದಕ್ಕೂ ಮೊದಲು ಪಾದ್ರಿಯು ಎದ್ದುನಿಂತು, ಇಂಥಿಂಥ ಪಾಪ ಮಾಡಿದವರು ಈ ಮೇಜಿನ ಹತ್ತಿರಕ್ಕೆ ಬರಬೇಡಿ ಎಂದು ಎಚ್ಚರಿಸುತ್ತಿದ್ದನು. ಇದಕ್ಕೆ ಅವರು ಇಟ್ಟ ಹೆಸರೇ ‘ಮೇಜಿಗೆ ಬೇಲಿ ಹಾಕುವುದು’.

1742ರ ಆಗಸ್ಟಿನಲ್ಲಿ ಗ್ಲಾಸ್ಗೋ ಬಳಿಯ ಕ್ಯಾಂಬಸ್‌ಲಾಂಗ್ ಎಂಬ ಊರಿನಲ್ಲಿ ಸುಮಾರು 30,000 ಜನ ಸೇರಿದ್ದರೆಂದು ಅಂದಿನವರ ಅಂದಾಜು. ಮೇಜಿಗೆ ಕುಳಿತವರು ಸುಮಾರು 3,000. ಉಳಿದವರು ನಿಂತು ನೋಡಿದರು. ಊಟದ ಪಂಕ್ತಿಯಲ್ಲಿ ಯಾರಿಗೆ ಎಡೆ, ಯಾರಿಗೆ ಇಲ್ಲ ಎಂಬ ಲೆಕ್ಕವನ್ನು ನಮ್ಮ ಸಮಾಜವೂ ಬೇರೆ ರೀತಿಯಲ್ಲಿ, ಹುಟ್ಟಿನ ಮೇಲೆಯೇ, ಹಾಕಿಕೊಂಡು ಬಂದಿದೆಯಾದ್ದರಿಂದ ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದಲೂ ಉತ್ತರ ಐರ್ಲೆಂಡಿನಿಂದಲೂ ಈ ಪಂಥದವರು ತಂಡತಂಡವಾಗಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಸೀಸದ ಬಿಲ್ಲೆಗಳೂ ಅವರೊಡನೆ ಹೋದವು. 1801ರ ಆಗಸ್ಟಿನಲ್ಲಿ ಕೆಂಟಕಿ ಸಂಸ್ಥಾನದ ಕೇನ್ ರಿಡ್ಜ್ ಎಂಬಲ್ಲಿ ಇಂಥ ಒಂದು ಭೋಜನಕಾಲ ನಡೆಯಿತು. ಆಗ ಆ ಸಂಸ್ಥಾನದ ಅತಿ ದೊಡ್ಡ ಊರಾದ ಲೆಕ್ಸಿಂಗ್ಟನ್‌ನಲ್ಲಿ ಇದ್ದವರು 1,800ಕ್ಕೂ ಕಡಮೆ. ಕೇನ್ ರಿಡ್ಜಿನ ಕಾಡಿನಲ್ಲಿ ಸೇರಿದವರು 10,000ಕ್ಕಿಂತ ಹೆಚ್ಚೆಂದು ಕಂಡವರು ಬರೆದರು. ಬಂಡಿಗಳಲ್ಲಿ ಬಂದರು, ಅಲ್ಲೇ ಗುಡಾರ ಹೂಡಿದರು, ಅತ್ತರು, ಕೂಗಿದರು, ಮೂರ್ಛೆ ಹೋದರು. ಸುಮಾರು ಒಂದು ವಾರದ ಮೇಲೆ ಸಭೆ ಮುಗಿದುದಕ್ಕೆ ಕಾರಣ ಬಹಳ ಲೌಕಿಕವಾದದ್ದು: ಜನರಿಗೆ ಬುತ್ತಿಯೂ ಕುದುರೆಗಳಿಗೆ ಮೇವೂ ತೀರಿಹೋಗಿದ್ದವು. ಆ ಬಗೆಯ ಆವೇಶ ಅನೇಕ ಪ್ರೆಸ್ಬಿಟೇರಿಯನ್ ಪಾದ್ರಿಗಳಿಗೆ ಹಿಡಿಸಲಿಲ್ಲ. ಬಯಲಿನ ಮಹಾಸಭೆಗಳು ಕ್ರಮೇಣ ಬೇರೆ ಪಂಥಗಳ ಪಾಲಾದವು. ಸೀಸದ ಬಿಲ್ಲೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ಬಳಕೆ ತಪ್ಪಿ ವಸ್ತುಸಂಗ್ರಹಾಲಯಗಳನ್ನು ಸೇರಿದವು.

ಊಟದ ಮೇಜು ಮಾತ್ರ ಬೇರೆ ದಾರಿಯಿಂದ ಬಂದಿತು. ಅದನ್ನು ಹಾಕಿದವರು ಹಿರಿಯರಲ್ಲ, ಹೆಂಗಸರು.

ಇಲ್ಲಿ ಒಂದು ವಿಷಯವನ್ನು ನೆನಪಿಡಬೇಕು. ಅಮೆರಿಕದ ಉತ್ತರ ಭಾಗದ ಮುಖ್ಯ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 1930ರವರೆಗೆ ಹೆಂಗಸರು ಹಿರಿಯರಾಗುವಂತಿರಲಿಲ್ಲ. ಪಾದ್ರಿಗಳಾಗಲು 1956ರವರೆಗೆ ಕಾಯಬೇಕಾಯಿತು. ದಕ್ಷಿಣದ ಸಭೆಯಲ್ಲಿ ಎರಡಕ್ಕೂ ಒಪ್ಪಿಗೆ ದೊರೆತದ್ದು 1964ರಲ್ಲಿ. ಆಡಳಿತದ ಕೊಠಡಿಗೆ ಪ್ರವೇಶವಿಲ್ಲದವರಿಗೆ ಅಡಿಗೆಮನೆ ತೆರೆದಿತ್ತು. ಚರ್ಚಿಗೆ ಹೊಸ ಒಲೆ ಬೇಕು, ಮಾಡು ಸೋರುತ್ತದೆ, ಕಟ್ಟಡದ ಸಾಲ ತೀರಿಲ್ಲ ಎಂದಾಗ ಸ್ತ್ರೀಯರ ಸಹಾಯಕ ಸಂಘದವರು ಒಂದು ಸಂಜೆ ಊಟವನ್ನು ಏರ್ಪಡಿಸಿ ಚೀಟಿ ಮಾರುತ್ತಿದ್ದರು. ಜೂನ್ ತಿಂಗಳಲ್ಲಿ ಸ್ಟ್ರಾಬೆರಿ ಹಣ್ಣಿನ ಸಂತೋಷಕೂಟ, ಬೇಸಗೆಯಲ್ಲಿ ಐಸ್‌ಕ್ರೀಮು, ಚಳಿಗಾಲದಲ್ಲಿ, ರೈಲಿನಲ್ಲಿ ಸಮುದ್ರತೀರದಿಂದ ಬಂದ ಸಿಂಪಿಗಳ ಊಟ. ಚೀಟಿ ಕೊಂಡವನು ಯಾವ ಚರ್ಚಿನವನು, ಕುಡಿಯುತ್ತಾನೆಯೆ, ನೆರೆಯವನೊಡನೆ ಜಗಳವುಂಟೆ ಎಂದು ಕೇಳುವವರಿರಲಿಲ್ಲ. ಸೀಸದ ಬಿಲ್ಲೆಯ ಸ್ಥಾನಕ್ಕೆ ಕಾಗದದ ಚೀಟಿ ಬಂದಿತು, ಬೇಲಿ ಬಿದ್ದುಹೋಯಿತು.

ಪೂರ್ತಿ ಬಿದ್ದಿತೆಂದರೆ ಸುಳ್ಳಾದೀತು. ದಕ್ಷಿಣದ ಊರುಗಳಲ್ಲಿ ಗುಲಾಮರನ್ನು ಚರ್ಚಿನ ಮೇಲಂತಸ್ತಿನಲ್ಲಿ ಬೇರೆ ಕೂರಿಸುತ್ತಿದ್ದರು; ಗುಲಾಮಗಿರಿ ಹೋದ ಮೇಲೆಯೂ ಕರಿಯರೂ ಬಿಳಿಯರೂ ಒಂದೇ ಮೇಜಿಗೆ ಕುಳಿತದ್ದು ಬಹಳ ತಡವಾಗಿ. 1861ರಲ್ಲಿ ಅಂತರ್ಯುದ್ಧದ ಕಾಲಕ್ಕೆ ಉತ್ತರ-ದಕ್ಷಿಣವೆಂದು ಒಡೆದ ಈ ಸಭೆ ಮತ್ತೆ ಒಂದಾದದ್ದು 1983ರಲ್ಲಿ.

ಹೆಂಗಸರ ಈ ಉದ್ಯಮ ಊಟಕ್ಕೇ ನಿಲ್ಲಲಿಲ್ಲ. ಒಹಾಯೋ ಸಂಸ್ಥಾನದ ಡೇಟನ್ ಊರಿನ ಮೊದಲನೆಯ ಪ್ರೆಸ್ಬಿಟೇರಿಯನ್ ಚರ್ಚಿನ ಮಹಿಳೆಯರು 1873ರಲ್ಲಿ ತಮ್ಮ ತಮ್ಮ ಮನೆಯ ಅಡಿಗೆಗಳನ್ನು ಸೇರಿಸಿ ‘ಪ್ರೆಸ್ಬಿಟೇರಿಯನ್ ಪಾಕಪುಸ್ತಕ’ವನ್ನೇ ಅಚ್ಚುಹಾಕಿಸಿದರು. ಚರ್ಚಿನ ಸಹಾಯಾರ್ಥವಾಗಿ ಇಂಥ ಪುಸ್ತಕ ತರುವ ಪದ್ಧತಿ ಅಲ್ಲಿಂದೀಚೆಗೆ ಊರೂರಿಗೆ ಹಬ್ಬಿತು. ದೇವರ ಹೆಸರಿನಲ್ಲಿ ಕೇಕು ಮಾರುವುದೇನು, ಕೊಡುವುದಿದ್ದರೆ ಕಾಣಿಕೆಯಾಗಿ ಕೊಡಿ ಎಂದು ಆಕ್ಷೇಪಿಸಿದ ಪಾದ್ರಿಗಳೂ ಇದ್ದರು. ಮಾಡು ಸೋರುವುದು ನಿಂತ ಮೇಲೆ ಆಕ್ಷೇಪಣೆಯೂ ಮೆತ್ತಗಾಗುತ್ತಿದ್ದಿತೆಂದು ನನ್ನ ಊಹೆ. ನಮ್ಮಲ್ಲಿಯೂ ಇದರ ಸೋದರ ಉಂಟು. 1947ರಲ್ಲಿ ಪ್ರೆಸ್ಬಿಟೇರಿಯನರೂ ಸೇರಿ ಹಲವು ಪಂಥದವರು ಒಂದಾಗಿ ದಕ್ಷಿಣ ಇಂಡಿಯಾ ಸಭೆಯೆಂದಾಯಿತು. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಸ್ಕಾಟ್ಲೆಂಡಿನವರಿಗಾಗಿ ಕಟ್ಟಿ 1866ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ಚರ್ಚು ಈಗ ಅದರದೇ. ಈ ಸಭೆಯ ಚರ್ಚುಗಳಲ್ಲಿ ಬೆಳೆಯ ಹಬ್ಬದ ದಿನ ಕುಂಬಳಕಾಯಿ, ತೆಂಗಿನಕಾಯಿ, ಕೋಳಿಗಳನ್ನು ತಂದೊಪ್ಪಿಸಿ ಹರಾಜು ಹಾಕುವುದನ್ನು ನೀವು ನೋಡಿರಬಹುದು. ಹತ್ತರಷ್ಟು ಬೆಲೆ ಕೂಗಿ ಕೊಂಡವರು ಅದೇ ಕಾಯನ್ನು ಮತ್ತೆ ಹರಾಜಿಗೆ ಬಿಡುವುದೂ ಉಂಟು.

ಈಗ ಆ ಹಲಗೆಯ ಊಟಕ್ಕೆ ಬರೋಣ. ಅದು ನಡೆಯುವುದು ಸಾಮಾನ್ಯವಾಗಿ ಚರ್ಚಿನ ನೆಲಮಾಳಿಗೆಯಲ್ಲಿ. ಮಡಿಸಿಡುವ ಉದ್ದನೆಯ ಮೇಜುಗಳು. ಮೇಲೆ ಕಾಗದದ ಹಾಸು. ಎಷ್ಟೋ ಕಡೆ ದರವಿಲ್ಲ. ಬಾಗಿಲ ಬಳಿ ಒಂದು ಬುಟ್ಟಿ, ಮನಸ್ಸಿಗೆ ಬಂದಷ್ಟು ಹಾಕಬಹುದು. ಒಂದು ಬಗೆಯ ಊಟದಲ್ಲಿ ಪ್ರತಿ ಮನೆಯವರೂ ಒಂದೊಂದು ಮುಚ್ಚಿದ ಪಾತ್ರೆಯಲ್ಲಿ ಏನಾದರೂ ಮಾಡಿ ತರುತ್ತಾರೆ. ಪಾತ್ರೆಗಳೆಲ್ಲ ಒಂದೇ ಬಗೆಯ ಗಾಜಿನವು, ಅದಲುಬದಲಾಗಬಾರದೆಂದು ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ. ನಮ್ಮ ಮದುವೆಮನೆಯ ಪಾತ್ರೆಗಳ ಮೇಲೆ ಹೆಸರು ಕೊರೆಸುವಂತೆಯೇ. ಶಾಕಾಹಾರಿಗಳಿಗೆ ಒಂದು ಎಚ್ಚರಿಕೆ: ಹುರುಳಿಕಾಯಿ ಎಂದು ಬಡಿಸಿಕೊಂಡರೆ ಅದರಲ್ಲಿ ಹಂದಿಯ ತುಂಡು ಇದ್ದೀತು. ಕೇಳಿ ಬಡಿಸಿಕೊಳ್ಳಿ, ಯಾರೂ ಬೇಸರಿಸುವುದಿಲ್ಲ. ಗಿಣ್ಣು ಹಾಕಿದ ಮ್ಯಾಕರೋನಿ, ಎಲೆಕೋಸಿನ ಪಚಡಿ, ಸೇಬಿನ ಪೈ ಇವೂ ಇರುತ್ತವೆ.

ಕೆಲವು ಊಟಗಳು ಸುತ್ತಲ ಸೀಮೆಗೇ ಹೆಸರಾಗಿವೆ. ಉತ್ತರ ಕೆರೊಲೈನಾದ ಮ್ಯಾಲರ್ಡ್ ಕ್ರೀಕ್ ಪ್ರೆಸ್ಬಿಟೇರಿಯನ್ ಚರ್ಚಿನವರು 1929ರಲ್ಲಿ ಆರಂಭಿಸಿದ ಅಕ್ಟೋಬರ್ ತಿಂಗಳ ಊಟದಲ್ಲಿ ಕೆಂಡದ ಮೇಲೆ ಗಂಟೆಗಟ್ಟಲೆ ಬೇಯಿಸಿದ ಹಂದಿಮಾಂಸವೇ ಪ್ರಧಾನವಾಗಿತ್ತು. ಆಗ ಅದು ಒಕ್ಕಲುತನದ ಊರು; ಈಗ ಷಾರ್ಲಟ್ ನಗರ ಬೆಳೆದು ಅದನ್ನು ನುಂಗಿದೆ. ನವೆಂಬರಿನಲ್ಲಿ ಚುನಾವಣೆಯಾದ್ದರಿಂದ ಅಭ್ಯರ್ಥಿಗಳೆಲ್ಲ ಅಲ್ಲಿಗೆ ತಪ್ಪದೆ ಬಂದು ಸರತಿಯ ಸಾಲಿನಲ್ಲಿದ್ದವರ ಕೈಕುಲುಕುತ್ತಿದ್ದರು. ಇನ್ನೊಂದು ಹುಡುಗರು ಹೂಡಿದ್ದು. 1990ರಲ್ಲಿ ದಕ್ಷಿಣ ಕೆರೊಲೈನಾದ ಕೊಲಂಬಿಯಾದ ಸ್ಪ್ರಿಂಗ್ ವ್ಯಾಲಿ ಪ್ರೆಸ್ಬಿಟೇರಿಯನ್ ಚರ್ಚಿನ ಯುವಕರು, ದೇಶವೆಲ್ಲ ಟೆಲಿವಿಷನ್ ಮುಂದೆ ಕೂರುವ ‘ಸೂಪರ್ ಬೌಲ್’ ಫುಟ್ಬಾಲ್ ಪಂದ್ಯದ ಭಾನುವಾರ, ಸೂಪಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು, ಹಸಿದವರಿಗಾಗಿ ಒಂದೊಂದು ಡಾಲರ್ ಹಾಕಿ ಎಂದರು. ಆ ವರ್ಷ 22 ಚರ್ಚುಗಳಿಂದ 5,700 ಡಾಲರ್ ಕೂಡಿತು. ಅಲ್ಲಿಂದ ಈ ಪದ್ಧತಿ ದೇಶದ ಎಷ್ಟೋ ಸಣ್ಣ ಊರುಗಳಿಗೆ ಹರಡಿತು.

ಊಟವಿಲ್ಲದ ದಿನಗಳಲ್ಲಿಯೂ ಆ ನೆಲಮಾಳಿಗೆ ಬರಿದಾಗಿರುವುದಿಲ್ಲ. ಒಂದು ದಿನ ಹಳೆಯ ಬಟ್ಟೆಬರೆ, ಆಟಿಕೆ, ಪುಸ್ತಕಗಳ ಮಾರಾಟ. ಇನ್ನೊಂದು ದಿನ ಸ್ಕೌಟ್ ಬಾಲಕರು. ಮತ್ತೊಂದು ಸಂಜೆ ಕುಡಿತವನ್ನು ಬಿಡಬೇಕೆನ್ನುವವರ ಕೂಟ. ಚುನಾವಣೆಯ ದಿನ ಕೆಲವೆಡೆ ಅದೇ ಮತಗಟ್ಟೆ. ಹಿಂದೆ ಕುಡಿಯುವವನಿಗೆ ಬಿಲ್ಲೆ ನಿರಾಕರಿಸಿದ ಚರ್ಚು ಇಂದು ಅವನಿಗೆ ಕುರ್ಚಿ ಹಾಕಿ ಕಾಫಿ ಕಾಸಿಡುತ್ತದೆ.

ಆದರೆ ಕಾಸಿಡುವ ಕೈಗಳು ಕಡಮೆಯಾಗುತ್ತಿವೆ. 1983ರಲ್ಲಿ ಒಂದಾದಾಗ ಆ ದೊಡ್ಡ ಸಭೆಯ ಸದಸ್ಯರು ಸುಮಾರು 31 ಲಕ್ಷ. 2023ರ ಕೊನೆಗೆ 11 ಲಕ್ಷದ ಒಳಗೆ. ಸಣ್ಣ ಊರುಗಳಲ್ಲಿ ಭಾನುವಾರದ ಆರಾಧನೆಗೆ ಇಪ್ಪತ್ತು ಮೂವತ್ತು ತಲೆ, ಅವೂ ನರೆತವು. ಶನಿವಾರದ ಊಟಕ್ಕೆ ಅದರ ನಾಲ್ಕೈದರಷ್ಟು ಜನ ಬರುವ ಚರ್ಚುಗಳುಂಟು. 2020ರ ಸೋಂಕಿನ ಕಾಲದಲ್ಲಿ ಊಟವನ್ನು ಡಬ್ಬಿಯಲ್ಲಿ ತುಂಬಿ ಕಾರಿನ ಕಿಟಕಿಗೆ ಕೊಡುವುದನ್ನು ಹಲವರು ಆರಂಭಿಸಿದರು. ಕೆಲಸ ಹಗುರವೆಂದು ಕೆಲವರು ಅದನ್ನೇ ಉಳಿಸಿಕೊಂಡಿದ್ದಾರೆ. ಹೊಟ್ಟೆ ತುಂಬುತ್ತದೆ, ನಿಜ. ಎದುರಿಗೆ ಕುಳಿತವರ ಪರಿಚಯವಾಗುವುದಿಲ್ಲ.

ಆದ್ದರಿಂದ, ಮುಂದಿನ ಬಾರಿ ನೀವು ಅಲ್ಲಿಗೆ ಹೋದಾಗ ಮೇಜು ಹಾಕಿರುವ ಚರ್ಚೊಂದು ಕಂಡರೆ ಒಳಗೆ ಹೋಗಿ. ಐದು ಗಂಟೆಯೆಂದರೆ ಐದೇ. ಆರಕ್ಕೆ ಹೋದರೆ ಪೈ ಮುಗಿದಿರುತ್ತದೆ. ಊಟವಾದ ಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಏನಾದರೂ ಕೈಗೂಡಿಸಲೆ ಎಂದು ಕೇಳಿದರೆ ಒಣಬಟ್ಟೆಯೊಂದು ನಿಮ್ಮ ಕೈಗೆ ಬರುವುದು ಖಂಡಿತ. ಗಾಜಿನ ಪಾತ್ರೆಗಳನ್ನು ಒರೆಸುವಾಗ ತಳದ ಹೆಸರಿನ ಪಟ್ಟಿ ಮಾತ್ರ ಕಿತ್ತುಬರದಂತೆ ನೋಡಿಕೊಳ್ಳಿ.