ಮಕ್ಕಳ ಕೈಗೆ ಎಂಥ ಚರಿತ್ರೆಯನ್ನು ಕೊಡಬೇಕು?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರಾಗಿದ್ದಾರೆ; ಕೆಲವರು ಅಜ್ಜಿಯರೂ ಆಗಿದ್ದಾರೆ. ಅವರು ಶಾಲೆಗೆ ಬಂದಾಗಲೆಲ್ಲ ನಮ್ಮನ್ನು ಕೇಳುವುದೊಂದುಂಟು. ಮಕ್ಕಳಿಗೆ ಕಟ್ಟುಕಥೆಯ ಪುಸ್ತಕಗಳು ಬೇಕಾದಷ್ಟು ದೊರೆಯುತ್ತವೆ. ನಿಜವಾಗಿ ನಡೆದುದನ್ನು ತಿಳಿಸುವ ಪುಸ್ತಕಗಳಲ್ಲಿ ಯಾವುದನ್ನು ಕೊಳ್ಳಬೇಕು? ಅದರಲ್ಲಿಯೂ ಮನುಷ್ಯರು ಮನುಷ್ಯರಿಗೆ ಮಾಡಿದ ಅನ್ಯಾಯದ ಸಂಗತಿಯುಳ್ಳ ಪುಸ್ತಕವನ್ನು ಎಳೆಯರ ಕೈಗೆ ಕೊಡಬಹುದೇ? ಈ ವಿಷಯವಾಗಿ ನಮಗೆ ತೋರಿದುದನ್ನು ಇಲ್ಲಿ ಅರಿಕೆಮಾಡುತ್ತೇವೆ.

ಕನ್ನಡದಲ್ಲಿ ಇಂಥ ಪುಸ್ತಕಗಳಿಲ್ಲವೆಂದು ಯಾರೂ ಕೊರಗಬೇಕಾದುದಿಲ್ಲ. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲ ಪ್ರಪಂಚ’ವೆಂಬ ಮೂರು ಸಂಪುಟಗಳನ್ನು ಮಕ್ಕಳ ಮುಂದಿಟ್ಟರು. ಅನಂತರ ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯೆಂಬ ಕಿರಿಯರ ವಿಶ್ವಕೋಶವು ಏಳು ಸಂಪುಟಗಳಲ್ಲಿ ಹೊರಬಂದಿತು. ಎಲ್. ಎಸ್. ಶೇಷಗಿರಿರಾಯರು ಸಂಪಾದಿಸಿದ ‘ಭಾರತ ಭಾರತಿ’ ಮಾಲೆಯಲ್ಲಿ ನಾಡಿನ ಸ್ತ್ರೀಪುರುಷರ ಚರಿತ್ರೆಗಳು ಐನೂರಕ್ಕೂ ಮಿಕ್ಕ ಕಿರುಹೊತ್ತಗೆಗಳಾಗಿ ಮನೆಮನೆಯನ್ನು ಮುಟ್ಟಿದವು. ಚಿತ್ರಕಥೆಗಳ ರೂಪದಲ್ಲಿಯೂ ಚರಿತ್ರೆಯು ಬಂದಿತು. ‘ಅಮರ ಚಿತ್ರ ಕಥಾ’ ಮಾಲೆಯಲ್ಲಿ ಬಾಬಾಸಾಹೇಬ ಅಂಬೇಡ್ಕರರ ಜೀವನವು 1979ರಲ್ಲಿ ಅಚ್ಚಾಯಿತು.

ಆದರೆ ಈ ಬಗೆಯ ಪುಸ್ತಕಗಳಲ್ಲಿ ಒಂದು ಅಪಾಯವಿದೆ. ಮಹಾಪುರುಷರ ಗುಣಗಳನ್ನು ವರ್ಣಿಸುವ ಭರದಲ್ಲಿ, ಅವರು ಯಾವುದರ ವಿರುದ್ಧ ಹೋರಾಡಿದರೋ ಅದನ್ನು ಲೇಖಕರು ಒಂದೇ ಮಾತಿನಲ್ಲಿ ದಾಟಿಬಿಡುತ್ತಾರೆ. ನಮ್ಮ ವಾಚನಾಲಯದಲ್ಲಿ ಒಮ್ಮೆ ಸಾವಿತ್ರಿಬಾಯಿ ಫುಲೆಯವರ ಚರಿತ್ರೆಯನ್ನು ಓದುತ್ತಿದ್ದೆವು. 1848ರಲ್ಲಿ ಪುಣೆಯಲ್ಲಿ ಬಾಲಿಕೆಯರ ಶಾಲೆಯಲ್ಲಿ ಪಾಠ ಹೇಳತೊಡಗಿದ ಆ ತಾಯಿಯು, ದಾರಿಯಲ್ಲಿ ಜನರು ಕೆಸರನ್ನೂ ಸಗಣಿಯನ್ನೂ ಎರಚುತ್ತಿದ್ದುದರಿಂದ, ಬದಲಿಗೆ ಇನ್ನೊಂದು ಸೀರೆಯನ್ನು ಒಯ್ಯುತ್ತಿದ್ದರೆಂದು ಅವರ ಚರಿತ್ರೆಗಳಲ್ಲಿ ಹೇಳುತ್ತಾರೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಕೆಸರು ಎರಚಿದವರು ಕೆಟ್ಟವರಾಗಿದ್ದರೇ, ಅಥವಾ ನಮ್ಮ ಮನೆಯವರಂತೆಯೇ ಇದ್ದರೇ?” ಎಂದು ಕೇಳಿದಳು. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾವೂ ಒಂದು ಕ್ಷಣ ಸುಮ್ಮನಾದೆವು.

ಆ ಹುಡುಗಿಯ ಪ್ರಶ್ನೆಯೇ ಒಳ್ಳೆಯ ಪುಸ್ತಕವನ್ನು ಅಳೆಯುವ ಕೋಲೆಂದು ನಮಗೆ ಈಗ ತೋರುತ್ತದೆ. ಕೆಸರೆರಚಿದವರು ರಾಕ್ಷಸರಲ್ಲ. ಮಕ್ಕಳನ್ನು ಸಾಕಿ, ವ್ರತನಿಯಮಗಳನ್ನು ನಡೆಸಿ, ನೆರೆಹೊರೆಯವರಲ್ಲಿ ಒಳ್ಳೆಯವರೆನಿಸಿಕೊಂಡವರೂ ಅವರಲ್ಲಿ ಇದ್ದಿರಬೇಕು. ಹೆಣ್ಣು ಓದಿದರೆ, ಕೆಳಗಿನವರು ಮೇಲೆದ್ದರೆ ತಮ್ಮ ಲೋಕವೇ ಕೆಡುವುದೆಂದು ನಂಬಿದ್ದರು. ಇದನ್ನು ಹೇಳದ ಪುಸ್ತಕವು ಮಗುವಿಗೆ ಅನ್ಯಾಯವೆಂಬುದು ದುಷ್ಟರ ಕೆಲಸ, ತನಗೂ ತನ್ನ ಮನೆಗೂ ಸಂಬಂಧಿಸಿದುದಲ್ಲ ಎಂಬ ತಪ್ಪು ಪಾಠವನ್ನು ಕಲಿಸುತ್ತದೆ.

ಒಳ್ಳೆಯ ಪುಸ್ತಕವು ಎರಡನೆಯದಾಗಿ ಸಂಗತಿಯನ್ನು ಮಗುವಿನ ಅಳವಿಗೆ ತರುತ್ತದೆ. 2011ರಲ್ಲಿ ಪ್ರಕಟವಾದ ‘ಭೀಮಾಯನ’ವೆಂಬ ಚಿತ್ರಗ್ರಂಥಕ್ಕೆ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ ವ್ಯಾಮ್ ಎಂಬವರು ಚಿತ್ರಗಳನ್ನು ಬರೆದಿದ್ದಾರೆ. ಬಾಲಕ ಅಂಬೇಡ್ಕರರು 1901ರಲ್ಲಿ ತಂದೆಯನ್ನು ಕಾಣಲು ಅಣ್ಣನೊಡನೆ ಪ್ರಯಾಣ ಮಾಡಿದ ಕಥೆ ಅದರಲ್ಲಿದೆ. ರೈಲಿನಿಂದಿಳಿದ ಮಕ್ಕಳ ಜಾತಿ ತಿಳಿದೊಡನೆ ಗಾಡಿಯವರು ಹಿಂಜರಿದರು; ಕಡೆಗೆ ಒಬ್ಬನು ಇಮ್ಮಡಿ ಬಾಡಿಗೆಗೆ ಒಪ್ಪಿದನು, ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕಾಯಿತು. ಬುತ್ತಿಯಿದ್ದರೂ ಕುಡಿಯಲು ನೀರು ಕೊಡುವವರಿಲ್ಲದೆ ಅವರು ರಾತ್ರಿಯನ್ನು ಹಸಿವಿನಲ್ಲಿ ಕಳೆದರು. ಅಸ್ಪೃಶ್ಯತೆಯೆಂಬ ಶಬ್ದಕ್ಕೆ ನೂರು ಸಲ ಅರ್ಥ ಹೇಳಿದರೂ ತಿಳಿಯದುದು, ಈ ಒಂದು ಬಾಯಾರಿಕೆಯಿಂದ ಹತ್ತು ವರ್ಷದ ಮಗುವಿಗೆ ತಿಳಿಯುತ್ತದೆ. ಅಂಬೇಡ್ಕರರೇ ಬರೆದಿಟ್ಟ ಅನುಭವವಾದುದರಿಂದ, ಲೇಖಕರಿಗೆ ಇದು ಹೇಗೆ ತಿಳಿಯಿತೆಂಬುದಕ್ಕೂ ಆಧಾರವುಂಟು. ಆಧಾರವನ್ನು ತೋರಿಸುವುದು ಒಳ್ಳೆಯ ಪುಸ್ತಕದ ಮೂರನೆಯ ಗುಣ.

ಆಧಾರಗಳನ್ನು ಹುಡುಕಲು ನಮ್ಮ ಮಕ್ಕಳು ದೂರ ಹೋಗಬೇಕಾದುದಿಲ್ಲ. ಜೆ.ಪಿ. ನಗರದಿಂದ, ಬಿ.ಟಿ.ಎಂ. ಬಡಾವಣೆಯಿಂದ ಅನತಿದೂರದಲ್ಲಿರುವ ಬೇಗೂರಿನ ದೇವಾಲಯದಲ್ಲಿ ಸುಮಾರು 9ನೆಯ ಶತಮಾನದ ಕೊನೆಯ ಶಾಸನವಿದೆ. ಬೆಂಗಳೂರಿನ ಕಾಳಗವೊಂದನ್ನು ಅದು ಹೆಸರಿಸುತ್ತದೆ. ಕೆಂಪೇಗೌಡರಿಗಿಂತ ಅನೇಕ ಶತಮಾನಗಳ ಮೊದಲೇ ಈ ಹೆಸರಿತ್ತೆಂಬುದನ್ನು ಆ ಕಲ್ಲಿನಿಂದಲೇ ತಿಳಿಯಬಹುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನರು ಸತ್ತ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ವಿಶಾಲವಾದ ಬೀದಿಗಳೊಡನೆ ಬೆಳೆದವು. ಅದರ ಹಿಂದಿನ ವರ್ಷವೇ, 1897ರ ಮಾರ್ಚಿಯಲ್ಲಿ, ಸಾವಿತ್ರಿಬಾಯಿಯವರು ಪುಣೆಯಲ್ಲಿ ಪ್ಲೇಗಿನ ರೋಗಿಗಳ ಸೇವೆಯಲ್ಲಿರುವಾಗ ಅದೇ ರೋಗಕ್ಕೆ ತುತ್ತಾದರು. ಹೊಸ ಬಡಾವಣೆಗಳಲ್ಲಿ ಗಾಳಿ ಬೆಳಕುಗಳು ಬಂದವು. ಆದರೆ ನಿವೇಶನಗಳನ್ನು ಹಂಚುವಾಗ ಜಾತಿಸಮುದಾಯಗಳನ್ನು ನೋಡಿ ವಿಂಗಡಿಸಿದರು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಯಾರಿಗೆ ನೆಲ ದೊರೆಯಿತು, ಆ ಮನೆಗಳನ್ನು ಕಟ್ಟಿದ ಕೂಲಿಯವರು ಎಲ್ಲಿ ಮಲಗಿದರು ಎಂದು ಕೇಳುವ ಮಗುವು ಚರಿತ್ರೆಯನ್ನು ಸರಿಯಾಗಿಯೇ ಓದುತ್ತಿದೆ.

ಇದರಿಂದ ಮಕ್ಕಳ ಮನಸ್ಸಿನಲ್ಲಿ ದ್ವೇಷವು ಬೆಳೆಯದೇ ಎಂದು ಕೆಲವು ತಂದೆಗಳು ಶಂಕಿಸುತ್ತಾರೆ. ಶಂಕೆಯು ನಿರಾಧಾರವಲ್ಲ. ಒಂದು ಪಂಗಡವನ್ನು ಹಳಿಯುವುದಕ್ಕಾಗಿಯೇ ಬರೆದ ಪುಸ್ತಕಗಳುಂಟು. ಕ್ರೌರ್ಯವನ್ನು ಎಳೆಯರು ತಾಳಲಾರದಷ್ಟು ವಿವರಿಸುವವೂ ಉಂಟು. ಅವು ಬೇಡ. ಆದರೆ ಅನ್ಯಾಯವನ್ನು ಅನುಭವಿಸಿದ ಮನೆಯ ಮಗುವಿಗೆ ಅದು ಮೊದಲೇ ಗೊತ್ತಿರುತ್ತದೆ. ನಾವು ಮುಚ್ಚಿಟ್ಟರೆ, ಅವಳ ಪಕ್ಕದಲ್ಲಿ ಕುಳಿತವಳಿಗೆ ಮಾತ್ರವೇ ತಿಳಿಯದೆ ಹೋಗುತ್ತದೆ. ಒಂದೇ ಬೆಂಚಿನ ಇಬ್ಬರು ಗೆಳತಿಯರನ್ನು ಹೀಗೆ ಬೇರೆಯಾಗಿಡುವುದು ಸಾಧುವೆಂದು ನಮಗೆ ತೋರುವುದಿಲ್ಲ. ಈ ನಿಯಮವು ನಮಗೂ ಸಲ್ಲುತ್ತದೆ. ಬಾಲಿಕೆಯರಿಗೆ ಶಾಲೆಯನ್ನು ತೆರೆದ ಮಿಷನ್ನುಗಳ ಉಪಕಾರವನ್ನು ಹೇಳುವ ಪುಸ್ತಕವು, ದಕ್ಷಿಣ ದೇಶದ ಹಲವು ದೇವಾಲಯಗಳಲ್ಲಿ ಕ್ರೈಸ್ತರೂ ಜಾತಿಯನ್ನು ನೋಡಿ ಬೇರೆ ಬೇರೆ ಕುಳಿತಿದ್ದರೆಂಬುದನ್ನೂ ಹೇಳಬೇಕು.

ಕೊನೆಯದಾಗಿ ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆ. ಪುಸ್ತಕವನ್ನು ಕೊಳ್ಳುವ ಮೊದಲು ನೀವೇ ಹತ್ತು ಪುಟ ಓದಿರಿ. ಮಗುವಿನೊಡನೆ ಮತ್ತೊಮ್ಮೆ ಓದಿರಿ. ಇದು ಹೇಗೆ ತಿಳಿಯಿತು, ಇಲ್ಲಿ ಯಾರ ಮಾತು ಕೇಳಿಸುವುದಿಲ್ಲ, ನಾವಾಗ ಅಲ್ಲಿದ್ದರೆ ಯಾವ ಕಡೆ ನಿಲ್ಲುತ್ತಿದ್ದೆವು ಎಂಬ ಮೂರನ್ನು ಕೇಳಲು ಬಿಡಿರಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಲು ಸಂಕೋಚ ಬೇಡ. ಆ ದಿನ ನಾವೂ ಆ ಹುಡುಗಿಗೆ ಹಾಗೆಯೇ ಹೇಳಿ, ಮರುವಾರ ಎಲ್ಲರೂ ಕೂಡಿ ಆ ಪಾಠವನ್ನು ಮೊದಲಿನಿಂದ ಓದಿದೆವು.